ನೆಲಕ್ಕೆ ಕಿವಿ ಕೊಟ್ಟು ಘಾಟಿ ಹತ್ತಿದ್ದು

ಹಿಂದಿನ ಚಕ್ರದ ಸ್ಪ್ರಿಂಗ್ ಪ್ಲೇಟು ಮುರಿದು, ಹಾಸಿಗೆ-ಒಲೆ ಜೋಡಿಸಿಕೊಂಡ ನನ್ನ ಹಳೆಯ ವ್ಯಾನು ಕಣಿವೆಗೆ ಉರುಳಬಹುದಿತ್ತು. ಬ್ಯಾಟರಿಯ ವಯರು ಸುಟ್ಟು ಒಲೆಯ ಸಿಲಿಂಡರಿಗೆ ಬೆಂಕಿ ತಗಲಬಹುದಿತ್ತು. ಹಿಂಬಾಗಿಲು ತೆರೆದುಕೊಂಡು ನಾನೊಬ್ಬನೇ ಚಾರ್ಮಾಡಿಯ ತಿರುವಿನಲ್ಲಿ ಉದುರಿಹೋಗಬಹುದಿತ್ತು. ಇಷ್ಟನ್ನೂ ನಾನು ಯೋಚಿಸಿದ್ದು ವ್ಯಾನಿನೊಳಗೆ ಬೋರಲು ಮಲಗಿಕೊಂಡು. ಅಡಿಯಲ್ಲಿ ಏನೋ ಶಬ್ದ ಎಂದು ಕೊಂಡೊಯ್ದರೆ, ಘಾಟಿಯ ಬುಡದ ಕಕ್ಕಿಂಜೆಯ ಮೆಕ್ಯಾನಿಕ್ ಮೋನಪ್ಪಣ್ಣ ಗಾಡಿ ಪರೀಕ್ಷಿಸುವ ಕ್ರಮವೇ ಹಾಗೆ.

“ನೀವು ಹಿಂದೆ ಮಲಗಿ, ನೆಲಕ್ಕೆ ಕಿವಿ ಕೊಡಿ ಮಾರಾಯ್ರೆ. ನಾನು ಓಡಿಸ್ತೇನೆ. ಶಬ್ದ ಎಲ್ಲಿ ಉಂಟು ಅಂತ ಕೂಗಿದ್ರೆ ಸಾಕು.”

ಪ್ರತಿ ಗುಂಡಿಗೂ ಕಿವಿಯ ಕೆಳಗೇ ‘ಟಕ್’ ಎನ್ನುತ್ತಿತ್ತು. ಒಳಗಿನ ದೀಪ ಆರಿ ಹತ್ತುತ್ತಿತ್ತು. ಮೂರನೇ ತಿರುವಿನಲ್ಲಿ ಸುಟ್ಟ ವಾಸನೆಯೂ ಬಂತು. “ಇಲ್ಲೇ! ನಿಲ್ಲಿಸಿ!” ಎಂದು ಕಿರುಚಿದೆ.

ಮೋನಪ್ಪಣ್ಣ ಬ್ಯಾಟರಿ ಕಳಚಿ, ಗಾಡಿಯಡಿಗೆ ನುಸುಳಿ ಅಲ್ಲಿಂದಲೇ ಹೇಳಿದರು: “ಎರಡು ರೋಗ ಅಲ್ಲ, ಒಂದೇ. ಸ್ಪ್ರಿಂಗ್ ಪ್ಲೇಟು ಜಗ್ಗಿ, ಗಾಡಿಯ ಬಾಡಿ ವಯರಿನ ಮೇಲೆ ಕೂತುಕೊಳ್ತಾ ಉಂಟು. ಇನ್ನು ನಾಲ್ಕು ತಿರುವು ಹೋಗಿದ್ರೆ ನಿಮ್ಮ ಹಾಸಿಗೆ ಒಳ್ಳೆ ಬೆಚ್ಚಗಾಗ್ತಿತ್ತು.”

ಪ್ಲೇಟು, ವಯರು ಎರಡೂ ಹೊಸತಾದವು. ಕೊನೆಗೆ ನನಗೆ ಆದ ಅನಾಹುತ ಒಂದೇ: ಕಿರುಚುವ ಗಡಿಬಿಡಿಯಲ್ಲಿ ನಾಲಿಗೆ ಕಚ್ಚಿಕೊಂಡು, ಹೆದರಿದ ಕಥೆಯನ್ನು ಹೆಂಡತಿಗೆ ಹೇಳಲು ಎರಡು ದಿನ ಕಾಯಬೇಕಾಯಿತು.