ಬೀಗದ ಹಿಂದಿದ್ದ ಸೋಬಾನೆ

ನನ್ನ ಕಂಪ್ಯೂಟರಿನಲ್ಲಿ ಹಾಡು ಕೇಳುವ ಒಂದು ಪ್ಲೇಯರ್ ಇದೆ. ತೆರೆದಾಗಲೆಲ್ಲ ಮೂಲೆಯಲ್ಲೊಂದು ಹಳದಿ ಪಟ್ಟಿ ಮೂಡಿ, ಹಣ ಕಟ್ಟಿ ಪ್ರೀಮಿಯಂ ಮಾಡಿಸಿಕೊಳ್ಳಿ ಅನ್ನುತ್ತದೆ. ಮೂರು ವರ್ಷ ಆ ಪಟ್ಟಿಯನ್ನು ಮುಚ್ಚಿಕೊಂಡೇ ಬಂದೆ. ನಾನು ಹೊಸನಗರದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕೇಳಿದ ಕೂಡಲೇ ಮಂಜೂರು ಮಾಡುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಅರಳಸುರಳಿಯಿಂದ ತಂಗಿ ಫೋನ್ ಮಾಡಿದಳು. ಅವಳ ಮಗಳ ಮದುವೆ ಗೊತ್ತಾಗಿತ್ತು.

"ಅಣ್ಣಯ್ಯ, ಅವ್ವ ಹಸೆಗೆ ಕರೆಯೋ ಹಾಡು ಹೇಳಿದ್ದು ನಿನ್ನ ಕ್ಯಾಸೆಟ್ಟಲ್ಲಿ ಇತ್ತಲ್ಲ, ಅದು ಬೇಕು ಮಾರಾಯ. ಪೂರ್ತಿ ಬೇಕು."

ಮದುಮಗಳನ್ನು ಹಸೆಯ ಮೇಲೆ ಕೂರಿಸುವ ಮೊದಲು ಹೆಂಗಸರು ಸೋಬಾನೆ ಹೇಳಿ ಅವಳನ್ನು ಕರೆಯುವುದು ನಮ್ಮ ಕಡೆಯ ಕ್ರಮ. ಹಾಡನ್ನು ಅರ್ಧಕ್ಕೆ ಬಿಡಬಾರದು, ಅದು ಮುಗಿಯುವ ತನಕ ಒಳಗೆ ಕೂತ ಹುಡುಗಿ ಏಳಬಾರದು. ನಮ್ಮ ಮನೆಯದೇ ಆದ ಹಾಡೊಂದಿತ್ತು. ಅದು ಪೂರ್ತಿ ಬರುತ್ತಿದ್ದುದು ಅವ್ವನಿಗೆ ಮಾತ್ರ, ಅವಳು ಹೋಗಿ ಹನ್ನೆರಡು ವರ್ಷವಾಗಿತ್ತು. ತಂಗಿಗೆ ಬರುತ್ತಿದ್ದುದು ಮೊದಲರ್ಧ.

ಆ ಕ್ಯಾಸೆಟ್ಟಿನ ವಿಷಯದಲ್ಲಿ ನನಗಿದ್ದ ಜಂಬ ಹೇಳತೀರದು. ಮೊದಲ ಸಂಬಳದಲ್ಲಿ ಟೇಪ್ ರೆಕಾರ್ಡರ್ ಕೊಂಡು ಅವ್ವನನ್ನು ಅದರ ಮುಂದೆ ಕೂರಿಸಿ ಹಾಡಿಸಿದವನು ನಾನು. ನೆಂಟರು ನಾಲ್ಕು ಜನ ಸೇರಿದಲ್ಲೆಲ್ಲ, "ಆವತ್ತು ನಾನು ರೆಕಾರ್ಡ್ ಮಾಡಿದ್ದಕ್ಕೆ ಉಳೀತು, ಇಲ್ದಿದ್ರೆ ಅವ್ವನ ಜೊತೆಗೇ ಹೋಗ್ತಿತ್ತು" ಎಂದು ಹೇಳಿಕೊಂಡು ಮೆರೆದಿದ್ದೆ. ಕೇಳಿ ಕೇಳಿ ಹೆಂಡತಿ ಆ ಮಾತು ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದಳು.

ಎಷ್ಟೋ ವರ್ಷದಿಂದ ಹಾಕಿ ಕೇಳದ ಆ ಕ್ಯಾಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದು ನೋಡಿದರೆ ಬೂಷ್ಟು ಹಿಡಿದಿತ್ತು. ಸಾಗರದ ಒಂದು ಸ್ಟುಡಿಯೋದವರು ಅದನ್ನು ಒರೆಸಿ, ಬಿಸಿಲಿಗಿಟ್ಟು, ಹೇಗೋ ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಅರ್ಧ ಹಾಡು ಸ್ಪಷ್ಟವಾಗಿತ್ತು. ಆಮೇಲೆ ಬರೀ ಬುಸ್ಸೆನ್ನುವ ಸದ್ದು, ಅದರೊಳಗೆ ಎಲ್ಲೋ ಅವ್ವ.

"ಈ ಗಲಾಟೆ ತೆಗೆಯೋ ಸೌಲಭ್ಯ ನಿಮ್ಮ ಪ್ಲೇಯರಲ್ಲೇ ಇದೆ ಸರ್. ನಿಧಾನ ಮಾಡಿನೂ ಕೇಳ್ಬಹುದು. ದುಡ್ಡು ಕಟ್ಟಿದ್ರೆ ಓಪನ್ ಆಗ್ತದೆ" ಎಂದರು ಸ್ಟುಡಿಯೋದವರು.

ಮನೆಗೆ ಬಂದು ನೋಡಿದೆ. ಹೌದು, ಆ ಎರಡೂ ಗುಂಡಿಗಳ ಮೇಲೆ ಪುಟ್ಟ ಬೀಗದ ಚಿತ್ರವಿತ್ತು. ವರ್ಷಕ್ಕೆ ಕಟ್ಟಬೇಕಾದ ಹಣ ನಾನು ಸಾಗರಕ್ಕೆ ಹೋಗಿಬಂದ ಖರ್ಚಿಗಿಂತ ಹೆಚ್ಚೇನೂ ಇರಲಿಲ್ಲ. ಆದರೆ ಕಣ್ಣಿಗೆ ಕಾಣುವ ಸಾಮಾನಿಗೆ ಕೊಡುವುದು ಬೇರೆ, ಬೀಗದ ಚಿತ್ರ ತೆಗೆಸಲು ಕೊಡುವುದು ಬೇರೆ ಎಂದು ನನ್ನ ವಾದ. ಕೆಳಗೆ ಸಣ್ಣಕ್ಷರದಲ್ಲಿ "ಏಳು ದಿನ ಉಚಿತ" ಎಂದಿದ್ದದ್ದು ಕಂಡಿತು. ಅರವತ್ಮೂರು ವರ್ಷದ ನಾನು ಲಾಟರಿ ಹೊಡೆದವನ ಹಾಗೆ ಹಿಗ್ಗಿ ಅದನ್ನು ಒತ್ತಿದೆ.

ಒತ್ತಿದ ಸಂಜೆಯೇ ಗಾಳಿಮಳೆ ಎದ್ದು ನಗರ ಹೋಬಳಿಯ ಕಡೆ ಕರೆಂಟು ಕಂಬಗಳು ಮುರಿದವು. ಐದು ದಿನ ನಮ್ಮಲ್ಲಿ ಕರೆಂಟಿಲ್ಲ. ಕರೆಂಟು ಬಂದಾಗ ಟವರ್ ಸತ್ತಿತ್ತು, ಟವರ್ ಬಂದಾಗ ಏಳು ದಿನ ಕಳೆದಿತ್ತು. ಆಗ ಸುಮ್ಮನೆ ಹಣ ಕಟ್ಟಿದ್ದರೆ ನಾನು ಗುಮಾಸ್ತ ಹೇಗಾದೇನು? ಕೂತು ಒಂದು ಅರ್ಜಿ ಬರೆದೆ. ವಿಷಯ, ಉಲ್ಲೇಖ, ಮಾನ್ಯರೇ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ, ಹೊಸನಗರ ತಾಲ್ಲೂಕಿನಲ್ಲಿ ವಿದ್ಯುತ್ ಇಲ್ಲದ ದಿನಗಳನ್ನು ಉಚಿತ ಅವಧಿಯ ಲೆಕ್ಕದಿಂದ ಕೈಬಿಡಬೇಕೆಂದು ಆ ಕಂಪನಿಯನ್ನು ಕೋರಿದೆ. ಪುರಾವೆಗೆ ಮುರಿದ ಕಂಬದ ಫೋಟೋ ಲಗತ್ತಿಸಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು, ಹಣ ಕಟ್ಟಿ ಪ್ರೀಮಿಯಂ ಮಾಡಿಸಿಕೊಳ್ಳಿ ಅಂತ.

ಮುಂದಿನ ಏಳು ದಿನವನ್ನು ಹೆಂಡತಿಯ ಇಮೇಲಿನಲ್ಲಿ ಪಡೆದೆ. ಅವ್ವನ ಹಾಡಿಗೆ ಕೈಹಾಕುವ ಮೊದಲು ಸ್ವಲ್ಪ ಅಭ್ಯಾಸವಾಗಲೆಂದು ಹಳೆಯ ಸಿನಿಮಾ ಹಾಡುಗಳ ಮೇಲೆ ಪ್ರಯೋಗ ಮಾಡಿದೆ. ತೀರ್ಥಹಳ್ಳಿಯ ಗೆಳೆಯರೊಬ್ಬರ ಮನೆಗೂ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ಗಾಯಕನನ್ನು ಹೇಗೆ ನಿಧಾನ ಮಾಡಬಹುದೆಂದು ತೋರಿಸಿ ಎರಡು ಲೋಟ ಕಾಫಿ ಕುಡಿದು ಬಂದೆ. ಎಂಟನೆಯ ದಿನ ಬೆಳಗ್ಗೆ ಮಿಂದು, ದೀಪ ಹಚ್ಚಿ, ಅವ್ವನ ಹಾಡು ತೆರೆದರೆ ಬೀಗ ಮತ್ತೆ ಬಿದ್ದಿತ್ತು.

"ನನ್ನ ಹೆಸ್ರಲ್ಲೂ ಬೇಡಿ ಆಯ್ತಾ? ಇನ್ನು ಯಾರ ಹೆಸ್ರು ಬಾಕಿ ಇದೆ?" ಎಂದಳು ಹೆಂಡತಿ. ತಂಗಿಯ ಇಮೇಲ್ ಕೇಳೋಣವೆಂದು ನಾನು ಯೋಚಿಸುತ್ತಿದ್ದುದು ಅವಳಿಗೆ ಹೇಗೆ ತಿಳಿಯಿತೋ ಕಾಣೆ.

ತಂಗಿ ಎರಡು ದಿನಕ್ಕೊಮ್ಮೆ ವಿಚಾರಿಸುತ್ತಿದ್ದಳು. ಹೆಂಗಸರು ಕಲಿಯಬೇಕಲ್ಲ ಎನ್ನುತ್ತಿದ್ದಳು. ಮದುವೆಗೆ ಒಂಬತ್ತು ದಿನ ಇರುವಾಗ ಮಾತ್ರ ಅವಳ ದನಿ ಬೇರೆಯಾಗಿತ್ತು. "ಬೇಡ ಬಿಡು ಅಣ್ಣಯ್ಯ. ಮೊಬೈಲಲ್ಲಿ ಯಾವ್ದಾದ್ರೂ ಒಂದು ಹಾಕ್ತೀವಿ. ನೀನು ತಲೆಬಿಸಿ ಮಾಡ್ಕಬೇಡ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಫೋನ್ ಇಟ್ಟವನೇ ಆ ಹಳದಿ ಪಟ್ಟಿಯನ್ನು ತೆರೆದೆ. ಹೆಂಡತಿ ಕಾರ್ಡಿನ ಅಂಕಿಗಳನ್ನು ಓದಿದಳು, ನಾನು ಒತ್ತಿದೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ.

ಬುಸ್ಸೆನ್ನುವ ಸದ್ದು ಇಳಿಯಿತು. ಅವ್ವ ಪಕ್ಕದಲ್ಲೇ ಕೂತು ಹಾಡಿದಂತೆ ಕೇಳಿತು. ಒಂದೊಂದೇ ನುಡಿಯನ್ನು ನಾನು ಹೇಳುತ್ತ ಹೋದೆ, ಹೆಂಡತಿ ಬರೆದುಕೊಂಡಳು. ಕೊನೆಯ ಭಾಗಕ್ಕೆ ಬಂದೆವು. ಅಲ್ಲಿ ಹಾಡು ನಿಂತು, ಗಂಡುದನಿಯೊಂದು ಕೇಳಿತು.

"ಸಾಕು ಬಿಡವ್ವ, ಕ್ಯಾಸೆಟ್ ಖರ್ಚಾಗ್ತದೆ. ಸಿನಿಮಾ ಹಾಡು ತುಂಬ್ಸದಿದೆ."

ನನ್ನದೇ ದನಿ. ಆಮೇಲೆ ಅವ್ವ ಮೆಲ್ಲಗೆ, "ಇನ್ನೆರಡು ನುಡಿ ಇತ್ತಲ್ಲ ಕಣಾ" ಅಂದಳು. ಟಕ್ಕೆಂದು ಗುಂಡಿ ಒತ್ತಿದ ಸದ್ದು. ಮುಂದೆ ಏನೂ ಇಲ್ಲ.

ಹೆಂಡತಿ ಪೆನ್ನು ಕೆಳಗಿಟ್ಟಳು. ಈ ಸಲ ಅವಳು ಎದ್ದು ಒಳಗೆ ಹೋಗಲಿಲ್ಲ. ನಾನು ಅದನ್ನು ಮತ್ತೆ ಹಾಕಿದೆ, ನಿಧಾನ ಮಾಡಿಯೂ ಹಾಕಿದೆ. ನಿಧಾನ ಮಾಡಿದರೆ ನನ್ನ ಮಾತು ಇನ್ನಷ್ಟು ಹೊತ್ತು ಕೇಳುತ್ತದೆ ಅಷ್ಟೆ. ಅಷ್ಟು ವರ್ಷ ಊರೆಲ್ಲ ಹೇಳಿಕೊಂಡು ಬಂದ ನನ್ನ ಉಪಕಾರ ಇದು. ನಾಚಿಕೆಯಾಯಿತು, ಅವ್ವ ಬೇಕು ಅನ್ನಿಸಿತು.

ಆ ಕೊನೆಯ ತುಂಡನ್ನು ಕತ್ತರಿಸಿ ತೆಗೆಯುವ ಗುಂಡಿಯೂ ಪ್ರೀಮಿಯಂನಲ್ಲಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಒತ್ತಲಿಲ್ಲ. ಇದ್ದ ಹಾಗೇ ತಂಗಿಗೆ ಕಳಿಸಿದೆ. ಅವಳು ಕೇಳಿ ಒಂದೇ ಸಾಲು ಬರೆದಳು, "ಇದ್ದಷ್ಟು ಕಲೀತೀವಿ."

ಮದುವೆಯ ದಿನ ಹೆಂಗಸರು ಹಸೆಯ ಮುಂದೆ ನಿಂತು ಹಾಡಿದರು. ಚೆನ್ನಾಗಿಯೇ ಕಲಿತಿದ್ದರು. ಟೇಪು ನಿಂತ ಜಾಗಕ್ಕೆ ಬಂದು ಎಲ್ಲರೂ ನಿಂತರು. ಒಳಗೆ ಕೂತ ಮದುಮಗಳು, ಮುಗಿಯಿತೋ ಇಲ್ಲವೋ ತಿಳಿಯದೆ, ಏಳದೆ ಹಾಗೇ ಕೂತಿದ್ದಳು. ತಂಗಿ ನನ್ನ ಕಡೆ ತಿರುಗಿ, ಅವ್ವನದೇ ರಾಗದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇನ್ನೆರಡು ನುಡಿ ಇತ್ತಲ್ಲ ಕಣಾ."

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಎಲ್ಲರಿಗೂ ಆ ಟೇಪು ಕೇಳಿಸಿಯೇ ಕಲಿಸಿದ್ದಾಳೆ. ನಾನೂ ನಕ್ಕೆ, ಶಾಲಿನಿಂದ ಕಣ್ಣೊರೆಸಿಕೊಂಡೆ. ಆಗ ತಂಗಿ ಮಗಳನ್ನು ಕರೆದಳು, "ಏಳು ಮಗಾ, ನಮ್ಮನೆ ಹಾಡು ಇಷ್ಟೇ."