ಬಡಗಿಯ ಮನೆಯ ಸೋರುವ ಬೈಕು

ಅಪ್ಪ ಬೈಕಿನ ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲೆ ಗುಂಡಿ ಬೇರೆ ಹಾಕಿದ. ಅದನ್ನು ನೋಡಿ ಮಗಳ ಪಿತ್ತ ನೆತ್ತಿಗೇರಿತು. ಅವಳೇನು ಕೀ ಕದ್ದು ಓಡುವವಳೇ? ಬೆಳಗಾದರೆ ಲ್ಯಾಬಿನ ಪೆಟ್ಟಿಗೆ ಹೆಗಲಿಗೇರಿಸಿ, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ರಕ್ತ ತೆಗೆದು ತರುವವಳು. ಗಾಡಿ ಇದ್ದರೆ ಕೆಲಸ, ಗಾಡಿ ಇಲ್ಲದಿದ್ದರೆ ಕೆಲಸವೂ ಇಲ್ಲ. ಓಡಿಸುವವಳು, ತೊಳೆಯುವವಳು, ಪೆಟ್ರೋಲು ಹಾಕುವವಳು ಅವಳೇ. ಕಾಗದಪತ್ರ ಮಾತ್ರ ಅಪ್ಪನ ಹೆಸರಿನಲ್ಲಿತ್ತು.

“ಇದೇ ಕೊನೆ. ಇನ್ನೊಂದ್ಸಲ ಎಣ್ಣೆ ಸೋರಿದ್ರೆ ಗಾಡಿ ಮಾರಿಬಿಡ್ತೀನಿ. ನೀನು ಬಸ್ಸಲ್ಲಿ ಹೋಗು,” ಎಂದ.

“ಗಲ್ಲಿಗಲ್ಲಿಗೆ ಬಸ್ ಬರುತ್ತಾ ಅಪ್ಪ?”

“ಹಳ್ಳ ಕಂಡ್ರೆ ಹಾರಿಸೋಳಿಗೆ ಬಸ್ಸೇ ಸರಿ. ಅದಕ್ಕೇ ಸೀಲು ಹೋಗೋದು.”

ಹಿಂದಿನ ದಿನ ಇಳಿಜಾರಿನ ಬೀದಿಯಲ್ಲಿ ಬಕೆಟ್ ಹಿಡಿದ ಹೆಂಗಸೊಬ್ಬಳು ಅಡ್ಡ ಬಂದಿದ್ದಳು. ಮುಂದಿನ ಚಕ್ರದ ಶಾಕ್ ಅಬ್ಸಾರ್ಬರಿನಿಂದ ಸೋರಿದ ಎಣ್ಣೆ ಬ್ರೇಕಿನ ಡಿಸ್ಕಿಗೆ ಇಳಿದಿತ್ತು; ಬ್ರೇಕು ಜಪ್ಪಯ್ಯ ಅಂದರೂ ಹಿಡಿಯಲಿಲ್ಲ. ಮಗಳು ಗಾಡಿಯನ್ನು ಗೋಡೆಯತ್ತ ತಿರುಗಿಸಿ ತಾನೇ ಬಿದ್ದಳು. ಹೆಂಗಸಿಗೆ ಬಕೆಟ್ಟಿನ ನೀರು ಚೆಲ್ಲಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇವಳ ಮೊಣಕಾಲಿನ ಚರ್ಮ ಕಿತ್ತುಹೋಯಿತು. ಕುಂಟುತ್ತ ಮನೆಗೆ ಬಂದವಳನ್ನು ಅಪ್ಪ ಬೀದಿಗೆಲ್ಲ ಕೇಳುವಂತೆ ಬೈದ. ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲೆ ಕತ್ತು ಚಾಚಿ, “ಹೆಣ್ಮಕ್ಳಿಗೆ ಯಾಕಮ್ಮ ಬೈಕು?” ಎಂದು ಒಗ್ಗರಣೆ ಹಾಕಿದರು. ಮಗಳಿಗೆ ಮೊಣಕಾಲಿಗಿಂತ ಹೆಚ್ಚು ಉರಿದದ್ದು ಆ ಮಾತು.

ಅಪ್ಪ ಬಡಗಿ. ತನ್ನ ಕೈಯನ್ನು ಬಿಟ್ಟು ಬೇರೆ ಯಾರ ಕೈಯನ್ನೂ ನಂಬಿದ ಮನುಷ್ಯನಲ್ಲ. ಸುತ್ತಮುತ್ತಲ ಮೆಕ್ಯಾನಿಕ್ಕುಗಳ ಜೊತೆಯೆಲ್ಲ ಜಗಳ ಕಾದು ಮುಗಿಸಿದ್ದ. ಆದರೆ ಅವನು ಕೂರಿಸಿದ ಬಾಗಿಲು ಉಸಿರು ಬಿಟ್ಟಷ್ಟು ಮೆತ್ತಗೆ ಮುಚ್ಚಿಕೊಳ್ಳುತ್ತಿತ್ತು, ಅದನ್ನು ಮಾತ್ರ ಯಾರೂ ಇಲ್ಲವೆನ್ನುವಂತಿಲ್ಲ. ಬೆರಳುಗಳು ಜಡ್ಡುಗಟ್ಟಿದ್ದರಿಂದ ಹಲಗೆ ನುಣುಪಾಯಿತೋ ಇಲ್ಲವೋ ಎಂದು ಕೆನ್ನೆ ಒತ್ತಿ ನೋಡುತ್ತಿದ್ದ. ಕೆನ್ನೆ ಒಪ್ಪದಿದ್ದರೆ ಮತ್ತೆ ಉಜ್ಜುತ್ತಿದ್ದ.

ಅಂಗಳದಲ್ಲಿ ಇಬ್ಬರೂ ಮುಖ ಗಂಟು ಹಾಕಿಕೊಂಡೇ ಕೆಲಸ ಶುರು ಮಾಡಿದರು. ಬೈಕನ್ನು ಮರದ ದಿಮ್ಮಿಯ ಮೇಲೆ ನಿಲ್ಲಿಸಿ ಮುಂದಿನ ಚಕ್ರ ಬಿಚ್ಚಿದರು. ಚಕ್ರ ಹಿಡಿದಿದ್ದ ಶಾಕಿನ ಎರಡು ಕಾಲುಗಳನ್ನೂ ಕೆಳಗೆಳೆದರು. ಹಳೆಯ ಎಣ್ಣೆ ಡಬ್ಬಿಗೆ ಕಪ್ಪಗೆ ಇಳಿಯಿತು. ಒಳಗಿನ ಉಕ್ಕಿನ ಪೈಪನ್ನು ಹೊರತೆಗೆದು, ಕಾಲಿನ ಬಾಯಲ್ಲಿದ್ದ ತಂತಿಯ ಲಾಕು ಬಿಡಿಸಿ, ಪೈಪನ್ನು ಬಿಗಿಯಾಗಿ ಅಪ್ಪಿ ಎಣ್ಣೆ ತಡೆಯುವ ರಬ್ಬರಿನ ಉಂಗುರವನ್ನು, ಅಂದರೆ ಆ ಹಾಳು ಸೀಲನ್ನು, ಅಪ್ಪ ಮೀಟಿ ಎಸೆದ. ಹೊಸ ಸೀಲು ಕೂರಿಸಲು ತೇಗದಲ್ಲಿ ಅಳತೆಗೆ ಸರಿಯಾದ ಕೊಳವೆಯನ್ನೇ ಕಡೆದಿಟ್ಟುಕೊಂಡಿದ್ದ. ಇಷ್ಟೆಲ್ಲ ಅಚ್ಚುಕಟ್ಟು ಇರುವವನ ಕೈಯಲ್ಲಿ ಸೀಲು ಯಾಕೆ ಪದೇಪದೇ ಸೋರಬೇಕು? ಸ್ಪೇರ್ ಪಾರ್ಟ್ಸ್ ಅಂಗಡಿಯವನದು ಡೂಪ್ಲಿಕೇಟ್ ಮಾಲು, ಮಗಳದು ಒರಟು ಓಡಾಟ ಎಂದು ಅಪ್ಪ ತೀರ್ಪು ಕೊಟ್ಟಾಗಿತ್ತು.

ಆಮೇಲೆ ಅವನು ಬೆಂಚಿನ ಮೇಲಿದ್ದ ಉಪ್ಪುಕಾಗದ ತೆಗೆದು ಪೈಪನ್ನು ಉಜ್ಜತೊಡಗಿದ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಹಲಗೆ ಉಜ್ಜಿದ ಹಾಗೆಯೇ, ಉದ್ದುದ್ದಕ್ಕೆ.

“ಯಾಕಪ್ಪ ಅದನ್ನ ಉಜ್ತಿದೀಯ?”

“ಕೊಳೆ ಇರುತ್ತೆ. ಉಜ್ಜದೆ ಹೊಸ ಸಾಮಾನು ಕೂರಿಸ್ತಾರಾ ಯಾರಾದ್ರೂ?”

“ಹಿಂದಿನ ಸಲವೂ ಉಜ್ಜಿದ್ಯಾ?”

“ಪ್ರತಿ ಸಲವೂ. ಎಳೆಯ ಗುಂಟ ಉಜ್ಬೇಕು. ಅಡ್ಡ ಉಜ್ಜಿದ್ರೆ ಗೀರು ಬೀಳುತ್ತೆ.”

ಮಗಳು ಪೈಪನ್ನು ಅವನ ಕೈಯಿಂದ ಕಿತ್ತುಕೊಂಡಳು. ಬಿಸಿಲಿಗೆ ಹಿಡಿದಾಗ ಉದ್ದಕ್ಕೂ ಕೂದಲೆಳೆಯಂಥ ಗೆರೆಗಳು ಕಂಡವು. ಸುತ್ತ ಉಗುರು ಆಡಿಸಿದರೆ ಪ್ರತಿ ಗೆರೆಗೂ ಉಗುರು ತಡೆಯುತ್ತಿತ್ತು. ದಿನವಿಡೀ ಸಿರಿಂಜು ಹಿಡಿಯುವವಳಿಗೆ ಇನ್ನೇನು ಹೇಳಬೇಕು? ಒಳಗೋಡೆಗೆ ಗೀರು ಬಿದ್ದ ಸಿರಿಂಜಿಗೆ ಎಂಥ ಹೊಸ ರಬ್ಬರು ಹಾಕಿದರೂ ಸೋರದೆ ಇರುತ್ತದೆಯೇ? ಪ್ರತಿ ಗೆರೆಯೂ ಎಣ್ಣೆ ಮೇಲೇರಲು ಅಪ್ಪನೇ ತೋಡಿಕೊಟ್ಟ ಕಾಲುವೆಯಾಗಿತ್ತು.

“ಇದು ಮರ ಅಲ್ಲಪ್ಪ!” ಅವಳು ಪೈಪನ್ನು ಅವನ ಮುಖದೆದುರು ಹಿಡಿದಳು. “ಉಕ್ಕಿಗೆ ಎಲ್ಲಿಯ ಎಳೆ? ನೀನು ಉಜ್ಜಿ ಉಜ್ಜಿ ಹಾಳು ಮಾಡ್ದೆ, ಬೈಸ್ಕೊಂಡಿದ್ದು ನಾನು! ನಿನ್ನೆ ಆ ಹೆಂಗಸು ಸತ್ತಿದ್ರೆ?”

“ಬಾಯಿಗೆ ಬಂದಂಗೆ ಮಾತಾಡ್ಬೇಡ,” ಎಂದು ಅಪ್ಪ ಎಗರಿದ.

“ಹಾಗಾದ್ರೆ ಕೆನ್ನೆಗೆ ಒತ್ತಿ ನೋಡು.”

ಅವನು ರೇಗಿಕೊಂಡೇ ಪೈಪನ್ನು ಕೆನ್ನೆಗೆ ಒತ್ತಿದ. ಉದ್ದಕ್ಕೆ ಎಳೆದ, ನುಣುಪಾಗಿಯೇ ಇತ್ತು. ಗೆದ್ದವನಂತೆ ಮಗಳನ್ನು ನೋಡಿದ. ಅವಳು ಪೈಪನ್ನು ಅಲ್ಲೇ ಮೆಲ್ಲಗೆ ತಿರುಗಿಸಿದಳು. ಗೆರೆಗಳು ಒಂದೊಂದಾಗಿ ಕೆನ್ನೆಗೆ ತಡೆದವು; ಅಪ್ಪನ ಮುಖ ಇಳಿದುಹೋಯಿತು. ಅವನು ಇನ್ನೊಂದು ಪೈಪನ್ನೂ ಎತ್ತಿ, ತಾನೇ ತಿರುಗಿಸಿ ನೋಡಿದ. ಆಮೇಲೆ ಜೇಬಿನ ಗುಂಡಿ ಬಿಚ್ಚಿ ಕೀಯನ್ನು ಚಾಚಿದ.

“ಕೀ ಸಾಲ್ದು,” ಎಂದಳು ಮಗಳು. “ಬೈದಿದ್ದು ಬೀದಿಗೆಲ್ಲ ಕೇಳಿಸ್ತು. ಇದೂ ಕೇಳ್ಬೇಕು.”

ಅಪ್ಪ ಹಲ್ಲು ಕಡಿದ. ನಂತರ ಕಾಂಪೌಂಡಿನ ಹತ್ತಿರ ಧಡಧಡ ನಡೆದು, “ಮೇಷ್ಟ್ರೇ!” ಎಂದು ಗುಡುಗಿದ. ಗಿಡಕ್ಕೆ ನೀರು ಹಾಕುತ್ತಿದ್ದ ಮೇಷ್ಟ್ರು ಬೆಚ್ಚಿ ಪೈಪು ಕೈಬಿಟ್ಟರು.

“ಗಾಡಿ ಹಾಳು ಮಾಡಿದ್ದು ನಾನು! ನನ್ನ ಮಗಳು ಸರಿಯಾಗೇ ಓಡಿಸ್ತಾಳೆ! ಗೋಡೆಗೆ ಗುದ್ಕೊಂಡಿದ್ದು ಆ ಹೆಂಗಸನ್ನ ಉಳಿಸೋಕೆ! ತಿಳೀತಾ?”

ತಪ್ಪೆಲ್ಲ ತಮ್ಮದೇ ಎಂಬಂತೆ ಮೇಷ್ಟ್ರು ತಲೆಯಾಡಿಸಿದರು. ಎದುರು ಮನೆಯ ಕಿಟಕಿಯೂ ತೆರೆಯಿತು.

ಮಗಳ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. “ಹೊಸ ಪೈಪು ನಾನೇ ತರ್ತೀನಿ. ನೀನು ಬಂದ್ರೆ ಅಂಗಡೀಲೂ ಜಗಳ,” ಎಂದು ಕೀ ತೆಗೆದುಕೊಂಡಳು. ಬೆಂಚಿನ ಮೇಲಿದ್ದ ಉಪ್ಪುಕಾಗದದತ್ತ ಅಪ್ಪನ ಕೈ ಅಭ್ಯಾಸಬಲದಿಂದ ಮತ್ತೆ ಹೊರಳಿತು. ಅದು ಮುಟ್ಟುವ ಮೊದಲೇ ಅವಳು ಕಾಗದವನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡು ಮೇಲೆ ಗುಂಡಿ ಹಾಕಿದಳು.