ಕೈಮೇಸ್ತ್ರಿ ಮತ್ತು ನಿಂತಲ್ಲೇ ನಡುಗುವ ಕಾರು

ಕೈಮೇಸ್ತ್ರಿ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಹೆತ್ತವರು ಇಟ್ಟ ಹೆಸರು ಏನೆಂದು ಕೇಳಿದರೆ ಅವರ ಹೆಂಡತಿಯೂ ಒಂದು ಗಳಿಗೆ ಯೋಚಿಸಬೇಕು! ನಿಲ್ಲಿಸಿದ ಕಾರು ಗಡಗಡ ನಡುಗುತ್ತದೆ ಎಂದು ಯಾರಾದರೂ ಬಂದರೆ, ಮೇಸ್ತ್ರಿ ಎಂಜಿನ್ ಚಾಲೂ ಇಟ್ಟು, ಸ್ಟೇರಿಂಗಿನ ಮೇಲೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚುತ್ತಿದ್ದರು. “ಬಲಗಡೆ ಮೌಂಟಿಂಗ್ ಹೋಗಿದೆ” ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅದೇ. ಎಂಜಿನ್ನಿನ ಭಾರ ಹೊತ್ತು, ಅದರ ನಡುಕ ಸೀಟಿನವರೆಗೆ ಬಾರದಂತೆ ತಡೆಯುವ ದಪ್ಪ ರಬ್ಬರು ಅದು. ಸವೆದು ಸೀಳಿಹೋಯಿತೋ, ಕಾರಿಗೆ ಕಾರೇ ಅದುರುತ್ತದೆ.

ಏನು ಕಾಲವಪ್ಪಾ ಅದು! ಗ್ಯಾರೇಜಿನ ಬಾಗಿಲು ತೆಗೆಯುವ ಮುಂಚೆಯೇ ಕಾರುಗಳ ಸಾಲು. ಮಗಳು ಆಗ ಇನ್ನೂ ಕೈಗೂಸು. ಮನೆಯಲ್ಲಿ ಎಷ್ಟು ತೂಗಿದರೂ ನಿದ್ದೆ ಮಾಡದ ಆ ಪುಣ್ಯಾತ್ಗಿತ್ತಿ, ರಿಪೇರಿಗೆ ಬಂದ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರೆ ಕಣ್ಣೇ ಬಿಡುತ್ತಿರಲಿಲ್ಲ. ಗಿರಾಕಿ ಬಂದು “ಕಾರು ಆಯ್ತಾ?” ಎಂದು ಕೇಳಿದರೆ ಮೇಸ್ತ್ರಿ, “ಕಾರು ಆಗಿದೆ ಸ್ವಾಮಿ, ಮಗು ಎದ್ದಿಲ್ಲ. ಸ್ವಲ್ಪ ಕೂತ್ಕೊಳ್ಳಿ” ಎಂದು ಸ್ಟೂಲು ಎಳೆದು ಕೊಡುತ್ತಿದ್ದರು. ಗಿರಾಕಿಗಳೂ ಕೂರುತ್ತಿದ್ದರು. ಈಗ ಯಾರಿಗಿದೆ ಅಷ್ಟು ತಾಳ್ಮೆ?

ಆ ಮಗಳೇ ಈಗ ಬೆನ್ನು ಬಿದ್ದಿದ್ದಳು. “ಸಾಕಪ್ಪಾ, ಗ್ಯಾರೇಜಿಗೆ ಬೀಗ ಹಾಕು. ಈ ವಯಸ್ಸಲ್ಲಿ ಕಾರಿನ ಕೆಳಗೆ ನುಸುಳೋದು ಬೇಕಾ ನಿನಗೆ?”

ಮೇಸ್ತ್ರಿಗೆ ರೇಗಿತು. “ಡ್ರಿಲ್ ಮೇಷ್ಟ್ರ ಕಾರು ಬಂದು ನಿಂತಿದೆ. ಅದರ ನಡುಕ ಬಿಡಿಸೋಕೆ ಆಗದಿದ್ರೆ ನಾನೇ ಬೀಗ ಹಾಕ್ತೀನಿ. ಬಿಡಿಸಿದ್ರೆ ನೀನು ಇನ್ನೊಂದು ಸಲ ಈ ಮಾತು ಎತ್ತಬಾರದು.”

“ಆಯ್ತು. ಮಾತು ಅಂದ್ರೆ ಮಾತು” ಎಂದಳು ಮಗಳು. ಹಟದಲ್ಲಿ ಅಪ್ಪನಿಗೆ ತಕ್ಕ ಮಗಳೇ.

ಡ್ರಿಲ್ ಮೇಷ್ಟ್ರು ಮೇಸ್ತ್ರಿಯ ಹಳೇ ಗೆಳೆಯರು, ಕಾರು ಇನ್ನೂ ಹಳೇದು. “ಏನಯ್ಯಾ, ಇದು ನಿಂತಲ್ಲೇ ಕವಾಯತು ಮಾಡುತ್ತೆ. ಇಷ್ಟು ವರ್ಷ ನನ್ನ ಜೊತೆ ಇದ್ದು ಅದೊಂದು ಕಲಿತಿದೆ ನೋಡು” ಎಂದು ಬೀಗದ ಕೈ ಕೊಟ್ಟು ಹೋಗಿದ್ದರು.

ಮೇಸ್ತ್ರಿ ಎಂಜಿನ್ನಿನ ತಳಕ್ಕೆ ಮರದ ಹಲಗೆ ಕೊಟ್ಟು, ಜಾಕಿ ಏರಿಸಿ, ಭಾರ ಇಳಿಯುವಷ್ಟೇ ಎತ್ತಿದರು. ಹಳೇ ರಬ್ಬರುಗಳು ಚಪ್ಪಟೆಯಾಗಿ ಬಿರುಕು ಬಿಟ್ಟಿದ್ದವು. ಹೊಸವನ್ನು ಕೂರಿಸಿದರು. ಬೋಲ್ಟುಗಳನ್ನು ಕೂಡಲೇ ಬಿಗಿಯಲಿಲ್ಲ. ಅದು ಅವರ ಪದ್ಧತಿ. ಎಂಜಿನ್ ತನ್ನ ಭಾರಕ್ಕೆ ತಾನೇ ಸರಿಯಾಗಿ ಕೂರಬೇಕು. “ಕೂತ್ಕೋ ತಾಯಿ, ಆರಾಮಾಗಿ ಕೂತ್ಕೋ. ಯಾರೂ ಅಟ್ಟಿಸಿಕೊಂಡು ಬಂದಿಲ್ಲ” ಎಂದು ಗೊಣಗುತ್ತ ಜಾಕಿ ಇಳಿಸಿ, ಆಮೇಲೆ ಬಿಗಿದರು.

ಸೀಟಿನಲ್ಲಿ ಕೂತು ಕೀಲಿ ತಿರುಗಿಸಿ ಅಂಗೈ ಇಟ್ಟರೆ, ಅಯ್ಯೋ, ಸ್ಟೇರಿಂಗು ನಡುಗುತ್ತಲೇ ಇದೆ!

ಮತ್ತೆ ಬಿಚ್ಚಿದರು, ಮತ್ತೆ ಕೂರಿಸಿದರು. ನಡುಕ ಹೋಗಲಿಲ್ಲ. ರಬ್ಬರು ಮಾರಿದವನ ವಂಶವನ್ನೆಲ್ಲ ಬೈದು, ಪಕ್ಕದ ಅಂಗಡಿಯಿಂದ ಬೇರೆ ಜೋಡಿ ತಂದು ಹಾಕಿದರು. ಊಹೂಂ. ಮಗಳಿಗೆ ಕೊಟ್ಟ ಮಾತು ನೆನಪಾಯಿತು. ಈ ಗ್ಯಾರೇಜು ಬಿಟ್ಟರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂದೇ ಅವರಿಗೆ ತಿಳಿಯದು.

ಚಾಲೂ ಇದ್ದ ಕಾರಿನಲ್ಲಿ ಸ್ಟೇರಿಂಗು ಹಿಡಿದು ಕೂತಿದ್ದಾಗ ಹೆಂಡತಿ ಟೀ ತಂದರು. “ಏನ್ರೀ, ಮುಖ ಯಾಕೆ ಹೀಗಾಗಿದೆ?”

“ನಡುಕ ಹೋಗ್ತಾ ಇಲ್ಲ ಕಣೇ. ನನ್ನ ಕಥೆ ಮುಗೀತು.”

ಆಕೆ ಪಕ್ಕದ ಸೀಟಿನಲ್ಲಿ ಕೂತರು. ಒಂದಿಷ್ಟು ಹೊತ್ತು ಗಂಡನ ಕೈಗಳನ್ನೇ ನೋಡಿದರು. ಆಮೇಲೆ ಕೈ ಚಾಚಿ ಕೀಲಿ ತಿರುಗಿಸಿಬಿಟ್ಟರು. ಎಂಜಿನ್ ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿದ್ದು ಕೇಳಿಸಿತು. ಮೇಸ್ತ್ರಿಯ ಅಂಗೈ ಕೆಳಗೆ ಸ್ಟೇರಿಂಗು ಇನ್ನೂ ನಡುಗುತ್ತಿತ್ತು.

“ಎಷ್ಟು ದಿನದಿಂದ ನಿಮ್ಮ ಲೋಟಕ್ಕೆ ಅರ್ಧವೇ ಟೀ ಹಾಕ್ತಿದ್ದೀನಿ” ಎಂದರು ಆಕೆ ಮೆಲ್ಲಗೆ. “ಯಾಕೆ ಅಂತ ಒಂದು ದಿನವಾದ್ರೂ ಕೇಳಿದ್ರಾ?”

ಮೇಸ್ತ್ರಿ ಸೀಟಿನಲ್ಲೇ ಕೂತು ಅತ್ತರು. ಹೆಂಡತಿ ಅವರ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತರು. ಟೀ ಆರಿಹೋಯಿತು.

ಸಂಜೆ ಡ್ರಿಲ್ ಮೇಷ್ಟ್ರು ಬಂದು ಕಾರು ಚಾಲೂ ಮಾಡಿ, “ಭೇಷ್! ಓಡ್ತಾ ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ” ಎಂದು ನಗುತ್ತಾ ತೆಗೆದುಕೊಂಡು ಹೋದರು. ಅವರು ಬೀದಿ ತಿರುಗಿದ ಮೇಲೆ ಮೇಸ್ತ್ರಿ ಮಗಳಿಗೆ ಫೋನ್ ಮಾಡಿದರು.

“ಗೆದ್ದೆ ಕಣಮ್ಮಾ. ಕಾರು ಸರಿಹೋಯ್ತು.”

“ಆಯ್ತು ಬಿಡಪ್ಪಾ, ನಾನೇ ಸೋತೆ. ಇನ್ನು ಆ ಮಾತು ಎತ್ತಲ್ಲ.”

“ಹಾಗಲ್ಲ, ನೀನು ಭಾನುವಾರ ಬಾ. ಸಾಮಾನೆಲ್ಲ ಎತ್ತಿಡೋಣ” ಎಂದರು ಮೇಸ್ತ್ರಿ. “ನಡುಗೋದು ಕಾರೋ ನಾನೋ ಅಂತ ನನ್ನ ಕೈಗೆ ಈಗ ಗೊತ್ತಾಗ್ತಾ ಇಲ್ಲ ಮಗಳೇ.”